ಕೆಂಪಮ್ಮನ ಹೆಬ್ಬೆರಳು, ನನ್ನ ಸೊಂಟ

ನನ್ನ ಸೊಂಟ ತಾನಾಗಿ ಹಿಡಿಯಲಿಲ್ಲ. ನಾನೇ ಹಿಡಿಸಿಕೊಂಡೆ.

ದೃಷ್ಟಿ ತಾಗಿದ್ದಲ್ಲ. ವಾಯುವಲ್ಲ. ವಯಸ್ಸೂ ಅಲ್ಲ. ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿಕೊಂಡು ತಿರುಗುತ್ತಿದ್ದಾರೆ, ಅದೆಲ್ಲ ಸುಳ್ಳು. ಆದದ್ದು ಇಷ್ಟೆ. ಪಕ್ಕದ ಮನೆ ಕೆಂಪಮ್ಮ ಬಗ್ಗಿ ತನ್ನ ಕಾಲಿನ ಹೆಬ್ಬೆರಳು ಮುಟ್ಟಿದಳು. ನನ್ನ ಕೈ ಮೊಣಕಾಲಿನ ಹತ್ತಿರವೇ ನಿಂತಿತ್ತು. ಅವಳು ನನ್ನ ಕಡೆ ತಿರುಗಿ ನಕ್ಕಳು. ನಾನು ಬಗ್ಗಿದೆ.

ಬಗ್ಗಿದವಳು ಏಳಲಿಲ್ಲ.

ತಲೆ ನರೆತವಳಿಗೆ ಡ್ರಿಲ್ಲು ಯಾಕೆ ಬೇಕಿತ್ತು ಅಂತ ನೀವು ಕೇಳುತ್ತೀರಿ. (ನನ್ನ ಮಗನೂ ಕೇಳಿದ. ಅವನಿಗೆ ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ.)

ಎಲ್ಲ ಶುರುವಾದದ್ದು ಹಿಟ್ಟಿನ ಮಿಲ್ಲಿನಿಂದ.

ಗಾವಡಗೆರೆಗೆ ಮಿಲ್ಲು ಬರುವ ತನಕ ನಮ್ಮ ಮನೆಯ ರಾಗಿಯನ್ನೆಲ್ಲ ನಾನೇ ಬೀಸುತ್ತಿದ್ದೆ. ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ಗೂಟ ತಿರುಗಿಸಿದರೆ ಸೊಂಟ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಅದೇ ನಮಗೆ ಎಕ್ಸರ್‌ಸೈಜು. ಹೆಸರು ಗೊತ್ತಿರಲಿಲ್ಲ, ಅಷ್ಟೆ. ಮಿಲ್ಲು ಬಂತು. ಮಗ ಮಾದಪ್ಪ ಗಾಡಿಯಲ್ಲಿ ಮೂಟೆ ಹಾಕಿಕೊಂಡು ಹೋದ, ಹಿಟ್ಟು ಮಾಡಿಸಿಕೊಂಡು ಬಂದ. ಕಲ್ಲು ಮೂಲೆ ಸೇರಿತು. ಈಗ ಅದರ ಮೇಲೆ ಬೆಕ್ಕು ಮಲಗುತ್ತದೆ.

ಹಿಂದೊಮ್ಮೆ ಪತ್ರಿಕೆಯ ಇದೇ ಅಂಕಣದಲ್ಲಿ ಮಿಲ್ಲನ್ನು ಹೊಗಳಿ ಬರೆದಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸುವುದು ಎಷ್ಟು ಸುಖ ಅಂತ ಪದ್ಯ ಬರೆಯುವವರೆಲ್ಲ ಗಂಡಸರು. ಆದರೆ ಕಲ್ಲು ನಿಂತ ದಿನವೇ ನನ್ನ ಸೊಂಟವೂ ನಿಂತಿತು. ಅದು ನನಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಕಿರಿಯ ಮಗಳು ಪುಟ್ಟಮ್ಮಣ್ಣಿ ಚೊಚ್ಚಲ ಹೆರಿಗೆಗೆ ಪಿರಿಯಾಪಟ್ಟಣದಿಂದ ಬಂದಾಗ.

ಕೂಸಿಗೆ ನೀರು ಹಾಕುವುದು ಹೇಗೆ ಅಂತ ಪಟ್ಟಣದವರು ಮರೆತಿರಬಹುದು. ಬಚ್ಚಲಲ್ಲಿ ಮಣೆ ಹಾಕಿ ಎರಡೂ ಕಾಲು ಉದ್ದಕ್ಕೆ ಚಾಚಿ ಕೂರಬೇಕು. ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳಬೇಕು. ಹರಳೆಣ್ಣೆ ತಿಕ್ಕಿ ಕೈಕಾಲು ನೀವಬೇಕು. ಎಡಗೈಯನ್ನು ಬಲಗಾಲಿಗೆ, ಬಲಗೈಯನ್ನು ಎಡಗಾಲಿಗೆ ತಂದು ಮುಟ್ಟಿಸಬೇಕು. ಬೋರಲು ಹಾಕಿ ಬೆನ್ನಿಗೆ ಬಿಸಿನೀರು ಹುಯ್ಯಬೇಕು. ಅಷ್ಟು ಹೊತ್ತೂ ಬಗ್ಗಿಯೇ ಇರಬೇಕು. ಕೈಯೆಲ್ಲ ಎಣ್ಣೆ. ಕೂಸೆಲ್ಲ ಎಣ್ಣೆ. ಕಾಲಿನ ಮೇಲೂ ಎಣ್ಣೆ. ಆಗ ಸೊಂಟ ಒಂದು ಸಲ ಚಳಕ್ ಅಂದರೆ?

ಆ ಮಾತನ್ನು ಮುಗಿಸುವುದು ಬೇಡ.

ನನ್ನ ಹಿರಿಯ ಮಗಳ ಮಕ್ಕಳಿಗೆಲ್ಲ ನಾನೇ ನೀರು ಹಾಕಿದವಳು. ಒಂದು ಕೂಸೂ ಜಾರಲಿಲ್ಲ. ಆ ಧೈರ್ಯದಲ್ಲಿ, ಪುಟ್ಟಮ್ಮಣ್ಣಿ ಬಂದ ಮಾರನೆಯ ದಿನ, ಯಾರೂ ಇಲ್ಲದ ಹೊತ್ತು ನೋಡಿ ಬಚ್ಚಲಲ್ಲಿ ಮಣೆ ಹಾಕಿ ಕೂತೆ. ಕಾಲು ಚಾಚಿದರೆ ಬೆನ್ನು ಹಿಂದಕ್ಕೆ ಬೀಳುತ್ತದೆ. ಬೆನ್ನು ಮುಂದಕ್ಕೆ ತಂದರೆ ಮೊಣಕಾಲು ಮೇಲೇಳುತ್ತದೆ. ಎರಡೂ ಒಟ್ಟಿಗೆ ನನ್ನ ಮಾತು ಕೇಳಲು ತಯಾರಿಲ್ಲ. ಬಚ್ಚಲ ಒಲೆ ಹಚ್ಚಿರಲಿಲ್ಲ, ಆದರೂ ಬೆವರಿದ್ದೆ.

ಬೇರೆ ಯಾರನ್ನು ಕರೆಯಲಿ? ಊರಿಗೆಲ್ಲ ನೀರು ಹಾಕುತ್ತಿದ್ದ ಮುದುಕಿ ಹೋದ ವರ್ಷ ತೀರಿಕೊಂಡಳು. ಹಿರಿಯ ಮಗಳು ಹೆಗ್ಗಡದೇವನಕೋಟೆ ಕಡೆ ಇದ್ದಾಳೆ, ದನಕರು ಬಿಟ್ಟು ತಿಂಗಳುಗಟ್ಟಲೆ ಬಂದಿರಲಾರಳು. ಮನೆಯಲ್ಲಿ ಸೊಸೆ ದೇವಮ್ಮ ಇದ್ದಾಳೆ. ಆದರೆ ಈ ಕೆಲಸಕ್ಕೆ ಅವಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಹೇಳಲು ಚೆನ್ನಾಗಿಲ್ಲ, ಆದರೂ ಹೇಳುತ್ತೇನೆ.

ಅದೇ ಹೊತ್ತಿಗೆ ಬ್ಲಾಕ್ ಆಫೀಸಿನವರು ನಮ್ಮ ಮಹಿಳಾ ಸಮಾಜಕ್ಕೆ ಒಬ್ಬ ಟೀಚರನ್ನು ಕಳಿಸಿದರು. ಮೈಸೂರಿನ ಹುಡುಗಿ. ಸಂಜೆ ಸ್ಕೂಲು ಬಿಟ್ಟ ಮೇಲೆ ಸ್ಕೂಲಿನ ಜಗಲಿಯಲ್ಲೇ ಹೆಂಗಸರಿಗೆ ಹೊಲಿಗೆ, ಭಜನೆ, ಕೊನೆಯಲ್ಲಿ ಡ್ರಿಲ್ಲು. ಕೈ ಮೇಲೆ, ಕೈ ಪಕ್ಕಕ್ಕೆ, ಬಗ್ಗಿ ಎಡಗೈಯಲ್ಲಿ ಬಲಗಾಲು ಮುಟ್ಟಿ, ಬಲಗೈಯಲ್ಲಿ ಎಡಗಾಲು ಮುಟ್ಟಿ. ನಮ್ಮ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಾನು ನಗಲಿಲ್ಲ. ಸೊಂಟ ಬಗ್ಗುವುದು ಹೇಗೆ ಅಂತ ಸರ್ಕಾರವೇ ಮನೆ ಬಾಗಿಲಿಗೆ ಬಂದು ಹೇಳಿಕೊಡುವಾಗ ನಗುವುದು ಯಾಕೆ?

"ನಿಧಾನವಾಗಿ ಅಮ್ಮ" ಅಂದರು ಟೀಚರು. "ಎಷ್ಟು ಬರುತ್ತೋ ಅಷ್ಟೇ ಬಗ್ಗಿ. ನೋವಾದ್ರೆ ಅಲ್ಲೇ ನಿಲ್ಲಿಸಿಬಿಡಿ."

ಮೊದಲ ದಿನವೇ ಸೊಂಟ ಚುರುಚುರು ಅಂತು. ನನಗೆ ಸಂತೋಷವಾಯಿತು.

ನಗಬೇಡಿ. ನಾವು ಬೀಸುವ ಕಲ್ಲಿನ ಮುಂದೆ ಬೆಳೆದವರು. ಹೊಸ ಸೊಸೆಗೆ ರಟ್ಟೆ ನೋವು ಬಂತು ಅಂದರೆ ನಮ್ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು: "ಇನ್ನೊಂದು ಹಿಡಿ ಹಾಕಿ ಬೀಸು. ನೋವೇ ನೋವ ತಿನ್ತದೆ." ಬೀಸಿದೆವು. ನೋವು ನೋವನ್ನು ತಿಂದಿತು. ರಟ್ಟೆ ಗಟ್ಟಿಯಾಯಿತು. ಹಾಗಾದರೆ ಸೊಂಟದ ನೋವಿಗೆ ಏನು ಮಾಡಬೇಕು? ಇನ್ನೊಂದು ಹಿಡಿ ಹಾಕಬೇಕು!

ಹಾಕಿದೆ. ಸಂಜೆ ಜಗಲಿಯಲ್ಲಿ ಮಾಡಿದ್ದು ಸಾಲದು ಅಂತ ಬೆಳಿಗ್ಗೆ ಹಿತ್ತಲಲ್ಲೂ ಬಗ್ಗಿದೆ. ಚುರುಚುರು ಅನ್ನುತ್ತಿದ್ದದ್ದು ಚುಚ್ಚತೊಡಗಿತು. ಕೊಡ ಎತ್ತುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಇನ್ನೂ ಬಗ್ಗಿದೆ. ಪುಟ್ಟಮ್ಮಣ್ಣಿಗೆ ದಿನ ತುಂಬುತ್ತಿತ್ತು. ನನಗೆ ಪುರುಸೊತ್ತು ಎಲ್ಲಿತ್ತು?

ಆಮೇಲೆ ಕೆಂಪಮ್ಮ ಹೆಬ್ಬೆರಳು ಮುಟ್ಟಿದಳು.

ನನ್ನಷ್ಟೇ ವಯಸ್ಸು. ಅವಳ ಮೈ ಬಾರುಕೋಲಿನ ಹಾಗೆ. ನಾನು ಅವಳಿಗಿಂತ ಒಂದು ಕೈ ಮುಂದೆ ಇರಬೇಕು ಅಂತ ಮದುವೆಯಾಗಿ ಬಂದಾಗಿನಿಂದ ಇದ್ದೇನೆ. ಅವಳೂ ಹಾಗೇ ಇದ್ದಾಳೆ. ನಾನು ಉಸಿರು ಬಿಗಿಹಿಡಿದು ಬಗ್ಗಿದೆ. ಬೆರಳು ಇನ್ನೇನು ತಾಗಬೇಕು, ಸೊಂಟದಲ್ಲಿ ಒಣಗಿದ ಸೌದೆ ಮುರಿದಂತೆ ಆಯಿತು. ಜಗಲಿಯ ನೆಲ ಕಣ್ಣ ಮುಂದೆ ಬಂದು ಅಲ್ಲೇ ನಿಂತುಬಿಟ್ಟಿತು.

"ಅಮ್ಮ, ಏನಾಯ್ತು?" ಟೀಚರು ಓಡಿ ಬಂದರು.

"ಏನಿಲ್ಲ. ನೆಲ ನೋಡ್ತಾ ಇದ್ದೀನಿ."

"ಏನ್ ಗೌರಕ್ಕ" ಅಂದಳು ಕೆಂಪಮ್ಮ. "ನೆಲದಲ್ಲಿ ನಿಧಿ ಗಿಧಿ ಸಿಕ್ತಾ? ಸಿಕ್ರೆ ನಂಗೂ ಒಸಿ ಕೊಡಕ್ಕ."

ಆ ಸಂಜೆ ಮನೆ ಸೇರಿದ್ದು ಗೋಡೆ ಹಿಡಿದುಕೊಂಡು. ನಮ್ಮ ಬೀದಿಯಲ್ಲಿ ಇಷ್ಟೊಂದು ಗೋಡೆ ಇದೆ ಅಂತ ಅವತ್ತೇ ಗೊತ್ತಾದದ್ದು.

ಮಗ ಗಾಬರಿಯಾದ. "ಈ ವಯಸ್ಸಲ್ಲಿ ನಿಂಗ್ಯಾಕವ್ವ ಡ್ರಿಲ್ಲು? ಪೊಲೀಸ್ ಕೆಲ್ಸಕ್ಕೆ ಸೇರ್ತೀಯಾ? ನಡಿ, ಬಸ್ಸತ್ತಿ ಉಣಸೂರು ಆಸ್ಪತ್ರೆಗೆ ಓಗಮ."

"ಆ ಬಸ್ಸು ಕುಲುಕೋ ಕುಲುಕಿಗೆ ಉಳ್ದಿರೋ ಮೂಳೆನೂ ಉದುರೋಯ್ತವೆ. ಸುಮ್ನಿರ್ಲಾ."

ದೇವಮ್ಮ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ತಂದು ಶಾಖ ಕೊಟ್ಟಳು. ಎಕ್ಕದ ಎಲೆ ಬಿಸಿ ಮಾಡಿ ಹಾಕಿದಳು. ನಾನು ಬೋರಲಾಗಿ ಮಲಗಿ ಪಡಸಾಲೆಯ ಮೂಲೆಯನ್ನೇ ನೋಡುತ್ತಿದ್ದೆ. ಆ ಮೂಲೆಯಲ್ಲಿ ನಮ್ಮತ್ತೆಯ ಮಂಚ ಇತ್ತು. ಅವರಿಗೆ ಕೊನೆಗಾಲದಲ್ಲಿ ಸೊಂಟ ಹೋಯಿತು. ಮಗ್ಗುಲು ಬದಲಾಯಿಸಬೇಕಾದರೂ ಯಾರನ್ನಾದರೂ ಕೂಗಬೇಕು. ಇಡೀ ಮನೆಯನ್ನು ಒಂದು ಕಣ್ಣಿನಲ್ಲಿ ನಡೆಸುತ್ತಿದ್ದ ಹೆಂಗಸು, ಒಂದು ಲೋಟ ನೀರಿಗೆ ಎಲ್ಲರ ಮುಖ ನೋಡುತ್ತಿದ್ದರು. ಅವರಿಗೂ ಹೀಗೆಯೇ ಶುರುವಾಯಿತಾ? ಒಂದು ದಿನ ಬಗ್ಗಿ, ಆಮೇಲೆ ಏಳದೆ? ನನಗೆ ನೆನಪಾಗುತ್ತಿರಲಿಲ್ಲ. ನೆನಪಾಗದೆ ಇದ್ದದ್ದೇ ಹೆದರಿಕೆ.

ಪಕ್ಕದ ಕೋಣೆಯಲ್ಲಿ ಪುಟ್ಟಮ್ಮಣ್ಣಿ ಒಂದು ಸಲ ನರಳಿದರೆ ನನ್ನ ಎದೆ ಹಾರುತ್ತಿತ್ತು. ಇವತ್ತೇನಾ? ಇವತ್ತು ಬೇಡ ಶಿವನೇ, ಇನ್ನೆರಡು ದಿನ ತಡಿ. ಮೊಮ್ಮಗು ಬೇಗ ಬರಲಿ ಅಂತ ಬೇಡಿಕೊಳ್ಳುವ ಅಜ್ಜಿಯರನ್ನು ನೋಡಿದ್ದೀರಿ. ತಡವಾಗಿ ಬರಲಿ ಅಂತ ಬೇಡಿಕೊಂಡವಳನ್ನು ನೋಡಿದ್ದೀರಾ?

ಕೆಲವು ದಿನಕ್ಕೆ ಎದ್ದು ಓಡಾಡುವಷ್ಟಾಯಿತು. ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಿಂದ ಒಂದು ಸೋರೆಕಾಯಿ ಕಿತ್ತು ತಂದೆ. ಎಳೆಗೂಸಿನಷ್ಟೇ ಉದ್ದ, ಹೆಚ್ಚುಕಡಿಮೆ ಅಷ್ಟೇ ತೂಕ. ಬಚ್ಚಲಲ್ಲಿ ಮಣೆ ಹಾಕಿ ಕೂತೆ. ಹೇಗೋ ಕಾಲು ಚಾಚಿದೆ. ಪರೀಕ್ಷೆ ಅಂದ ಮೇಲೆ ಸರಿಯಾಗಿಯೇ ಆಗಲಿ ಅಂತ ಕಾಯಿಗೆ ಹರಳೆಣ್ಣೆಯನ್ನೂ ಸವರಿದೆ. ಕಾಲ ಮೇಲೆ ಮಲಗಿಸಿಕೊಂಡೆ. ಅತ್ತ ಇತ್ತ ನೀವಿದೆ. ಪರವಾಗಿಲ್ಲ ಅನ್ನಿಸಿತು. ಬೋರಲು ಹಾಕೋಣ ಅಂತ ಬಗ್ಗಿ ಎತ್ತಿದೆ.

ಚಳಕ್ ಅಂತು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಎರಡೂ ಕೈ.

ಸೋರೆಕಾಯಿ ಜಾರಿ ಬಚ್ಚಲ ಕಲ್ಲಿಗೆ ಬಿತ್ತು. ಉದ್ದಕ್ಕೆ ಸೀಳಿತು.

ತಲೆ ಎತ್ತಿದರೆ ಬಾಗಿಲಲ್ಲಿ ಸೌದೆ ಹಿಡಿದುಕೊಂಡು ದೇವಮ್ಮ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಕಾಯಿ ನೋಡಿದೆ. ಅವಳೂ ಕಾಯಿ ನೋಡಿದಳು. ಇಬ್ಬರಿಗೂ ಕಂಡದ್ದು ಕಾಯಿಯಲ್ಲ.

ಸೌದೆ ಕೆಳಗಿಟ್ಟು, ಬಂದು, ಎರಡು ಹೋಳನ್ನೂ ಎತ್ತಿಕೊಂಡಳು.

"ಪಲ್ಯ ಮಾಡ್ಲಾ ಅತ್ತೆ, ಸಾರಾ?"

"ಏನಾದ್ರೂ ಮಾಡು."

ಪಲ್ಯ ಮಾಡಿದಳು. ಎಲ್ಲರೂ ಚೆನ್ನಾಗಿದೆ ಅಂದರು. ನಾನು ನನ್ನ ಪಾಲನ್ನು ಮಾದಪ್ಪನ ತಟ್ಟೆಗೆ ಹಾಕಿದೆ.

ಈಗ ದೇವಮ್ಮನ ವಿಷಯ ಹೇಳಬೇಕು. ಅವಳು ನಮ್ಮ ಮನೆಗೆ ಬಂದು ವರ್ಷಗಳಾದವು. ಮಕ್ಕಳಾಗಲಿಲ್ಲ. ನಮ್ಮ ಕಡೆ ಅಂಥವರ ಕೈಗೆ ಎಳೆಗೂಸು ಕೊಡುವುದಿಲ್ಲ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕೊಡುವುದಿಲ್ಲ ಅಷ್ಟೆ. ತೊಟ್ಟಿಲಿಗೆ ಹಾಕುವ ದಿನ ಅವಳು ಅಡುಗೆಮನೆಯಲ್ಲಿ ಇರುತ್ತಾಳೆ. ಅಲ್ಲಿರು ಅಂತ ಹೇಳಬೇಕಾಗಿಲ್ಲ. ಅವಳೇ ಇರುತ್ತಾಳೆ.

ಅವಳದು ಇನ್ನೊಂದು ವಿಶೇಷ. ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಸೊಂಟ ಹಿಡಿದವರ ಬೆನ್ನಿಗೆ ಕಾಲು ತಾಗಿಸಿದರೆ ಹಿಡಿತ ಬಿಡುತ್ತದೆ ಅಂತ ನಂಬಿಕೆ. ಕೊಪ್ಪದಿಂದ, ವೀರನಹೊಸಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬರುತ್ತಾರೆ. ಬಂದು ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಾರೆ. ಅವಳು ಕಾಲು ತಾಗಿಸುತ್ತಾಳೆ. ಎದ್ದು ಕೈ ಮುಗಿದು ಹೋಗುತ್ತಾರೆ.

"ಮನೇಲೇ ಮದ್ದು ಮಡಿಕೊಂಡು ಉಪ್ಪು ಉರೀತಾ ಕೂತಿದ್ದೀಯಲ್ಲ ಗೌರಕ್ಕ" ಅಂತ ಕೆಂಪಮ್ಮ ಬೇಲಿಯ ಆಚೆಯಿಂದ ಕೂಗಿದಳು. "ಸೊಸೆ ಕೈಲಿ ಒದಿಸ್ಕೊ. ನನ್ ಗಂಡಂಗೆ ಒಂದೇ ಏಟಿಗೆ ಬುಟ್ಟೋಯ್ತು."

ಮಾದಪ್ಪನಿಗೆ ನಗು ತಡೆಯಲಾಗಲಿಲ್ಲ. "ಮೆಲ್ಲಗೆ ಮಾತಾಡು ಕೆಂಪಕ್ಕ. ಅತ್ತೆಗೆ ಒದೀಬೌದು ಅಂತ ಗೊತ್ತಾದ್ರೆ ಊರಿನ ಸೊಸೇರೆಲ್ಲ ನಾನು ನಾನು ಅಂತ ಸಾಲಾಗಿ ನಿಂತ್ಕತಾರೆ."

ದೇವಮ್ಮ ಮಾತ್ರ ನಗಲಿಲ್ಲ. "ಬ್ಯಾಡಿ ಅತ್ತೆ. ನಿಮ್ ಮೈಗೆ ಕಾಲು ತಾಗ್ಸುದ್ರೆ ನರಕ ಬತ್ತದೆ."

"ನರಕ ಆಮೇಲೆ ನೋಡ್ಕಳಮ. ಈಗ ಕೂಸು ಬತ್ತದೆ. ತಾಗ್ಸು."

ಕಾಲು ತೊಳೆದುಕೊಂಡು ಬಂದಳು. ಮೊದಲು ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕಾಲಿಟ್ಟಳು. ಒದೆಯಲಿಲ್ಲ. ಇಟ್ಟಳು, ಅಷ್ಟೆ. ಬಿಸಿ ಪಾದ. ಭಾರ ಬೀಳಲಿಲ್ಲ, ನಡುಗಲೂ ಇಲ್ಲ. ಕತ್ತು ಹೊರಳಿಸಿ ನೋಡಿದೆ. ಗೋಡೆ ಕೂಡ ಹಿಡಿದಿರಲಿಲ್ಲ.

ನೋವು ಹೋಯಿತಾ? ಸುಳ್ಳು ಯಾಕೆ ಹೇಳಲಿ, ಹೋಗಲಿಲ್ಲ. ಕೆಂಪಮ್ಮನ ಗಂಡನಿಗೆ ಹೋಗಿರಬಹುದು. ಅವನಿಗೆ ಅವತ್ತು ಕೃಷ್ಣರಾಜನಗರದಲ್ಲಿ ನೆಂಟರ ಊಟ ಇತ್ತು.

ನನ್ನನ್ನು ಎಬ್ಬಿಸಿ ಕೂರಿಸಿದಳು. ಹೋಗಲಿಲ್ಲ, ಅಲ್ಲೇ ನಿಂತಳು.

"ಒಂದು ಮಾತು ಕೇಳ್ಲಾ ಅತ್ತೆ?"

"ಕೇಳು."

"ಕೂಸಿಗೆ ನೀರುಯ್ವಾಗ ಮೊದಲ್ನೇ ದಿನವೇ ಕೈನ ಎಳ್ದು ಕಾಲಿಗೆ ಮುಟ್ಟುಸ್ತೀರಾ?"

"ಎಲ್ಲಾದ್ರೂ ಉಂಟಾ? ಎಳೇ ಮೈ. ಮೊದಲ್ನೇ ದಿನ ಸುಮ್ನೆ ನೀವೋದು. ಕೈ ಎಷ್ಟು ಬತ್ತದೋ ಅಷ್ಟು. ಅಳ್ತು ಅಂದ್ರೆ ಬುಟ್ಬುಡಬೇಕು. ನಾಳಿಕೆ ಇನ್ನೊಂಚೂರು. ನಾಡಿದ್ದು ಇನ್ನೊಂಚೂರು. ಅದಾಗದೇ..."

ಹೇಳುತ್ತ ಹೇಳುತ್ತ ನನ್ನ ಬಾಯಿ ನಿಂತಿತು.

"ನಿಮ್ ಸೊಂಟ ಮೊದಲ್ನೇ ದಿನವೇ ಅತ್ತಿತ್ತು" ಅಂದಳು ದೇವಮ್ಮ. "ನೀವು ಬುಡಲಿಲ್ಲ."

ಮೊಮ್ಮಗುವಿನ ಮೈಗೆ ಒಂದು ನ್ಯಾಯ, ನನ್ನ ಮೈಗೆ ಇನ್ನೊಂದು ನ್ಯಾಯ. ನಾವು ಹೆಂಗಸರೆಲ್ಲ ಹೀಗೆಯೇ ಅಲ್ಲವೇ? ಕರುವಿಗೆ ನೊಗ ಹೂಡುವ ಮೊದಲು ಎಷ್ಟು ಯೋಚನೆ ಮಾಡುತ್ತೇವೆ. ನಮ್ಮ ಬೆನ್ನಿಗೆ ಯಾರಾದರೂ ಯೋಚನೆ ಮಾಡಿದ್ದಾರಾ? ನಾವೇ ಮಾಡಿಲ್ಲ.

"ಕೂಸಿಗೆ ಇಂಗೆ ಮಾಡ್ತಾರೆ ಅಂತ ನೀನು ಎಲ್ಲಿ ನೋಡ್ದೆ?" ಅಂತ ಕೇಳಿದೆ.

"ಬಚ್ಚಲ ಒಲೆಗೆ ಉರಿ ಹಾಕೋಳು ನಾನೇ ಅಲ್ವಾ ಅತ್ತೆ."

ಹೌದು. ಹಿರಿಯ ಮಗಳ ಬಾಣಂತನದಲ್ಲಿ, ಅಷ್ಟು ದಿನವೂ, ನನ್ನ ಬೆನ್ನ ಹಿಂದೆ ಒಲೆಯ ಮುಂದೆ ಕೂತಿದ್ದವಳು ಅವಳೇ. ನಾನು ತಿರುಗಿ ನೋಡಿರಲಿಲ್ಲ. ಬೇಕಾದದ್ದು ಬಿಸಿನೀರು, ಅದು ಬರುತ್ತಿತ್ತು.

ಮಾರನೆಯ ದಿನ ಟೀಚರೇ ಮನೆಗೆ ಬಂದರು. ಪಾಪ, ತಾನು ಕಲಿಸಿದ್ದರಿಂದ ಹೀಗಾಯಿತು ಅಂತ ಮುಖ ಸಣ್ಣಗಾಗಿತ್ತು. ನಿನ್ನದೇನೂ ತಪ್ಪಿಲ್ಲಮ್ಮ, ಕೆಂಪಿಯ ಹೆಬ್ಬೆರಳಿನದು ಅಂದೆ. ಬಗ್ಗುವುದು ಸದ್ಯಕ್ಕೆ ಬೇಡ, ಹಾಗಂತ ಮಲಗಿಯೇ ಇರಬೇಡಿ, ಅಂಗಳದಲ್ಲಿ ನಡೆಯಿರಿ ಅಂದರು. ಚಾಪೆಯ ಮೇಲೆ ಮಲಗಿ ಒಂದೊಂದೇ ಮೊಣಕಾಲನ್ನು ಎದೆಯ ಕಡೆಗೆ ತರುವುದು ತೋರಿಸಿದರು. "ನೋವಾದ್ರೆ ನಿಲ್ಲಿಸ್ತೀರಾ?" ಅಂತ ಕೇಳಿದರು. ಈ ಸಲ ನಿಲ್ಲಿಸಿದೆ. ಮಾಡುವುದಕ್ಕಿಂತ ನಿಲ್ಲಿಸುವುದೇ ಕಷ್ಟ, ಮಾಡಿ ನೋಡಿ.

ಸೊಂಟ ಮೆಲ್ಲಗೆ ಸಡಿಲವಾಗುತ್ತಿತ್ತು. ಕೂಸು ಮೆಲ್ಲಗೆ ಬರಲಿಲ್ಲ.

ಒಂದು ಮಧ್ಯಾಹ್ನ ಬಂದೇಬಿಟ್ಟಿತು. ಹೆಣ್ಣು. ಮಿಡ್‌ವೈಫು ಬಂದು ಹೆರಿಗೆ ಮಾಡಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ನಾಳೆಯಿಂದ ನೀರು ಹಾಕೋದು ನಿಮ್ಮದು ಅಜ್ಜಿ" ಅಂತ ನಕ್ಕು ಹೋದರು.

ಪುಟ್ಟಮ್ಮಣ್ಣಿ ಮಲಗಿದ್ದಲ್ಲಿಂದಲೇ ನನ್ನ ಮುಖ ನೋಡಿದಳು. "ಅವ್ವಾ, ನಿನ್ ಕೈಲಿ ಆಯ್ತದಾ?"

ಬಾಯಿ ಆಯ್ತದೆ ಅಂದಿತು. ಸೊಂಟ ಏನೂ ಹೇಳಲಿಲ್ಲ.

ಸಂಜೆ ಕೆಂಪಮ್ಮ ಕೂಸು ನೋಡಲು ಬಂದಳು. ನೋಡಿದಳು, ಮೂಗು ನಮ್ಮ ಮನೆಯದಲ್ಲ ಅಂದಳು, ಕೂತಳು.

"ನಾಳಿಕೆ ಯಾರು ನೀರುಯ್ಯೋರು? ನಾನು ಉಯ್ಲಾ?"

ಅವಳು ಹೆಬ್ಬೆರಳು ಮುಟ್ಟುತ್ತಾಳೆ, ನಿಜ. ಆದರೆ ನಶ್ಯ ಹಾಕುತ್ತಾಳೆ. (ಕಾಲ ಮೇಲೆ ಕೂಸಿರುವಾಗ ಅವಳಿಗೆ ಒಂದು ಸೀನು ಬಂದರೆ? ಅವಳ ಸೀನು ಕೇಳಿದವರಿಗೆ ಮಾತ್ರ ಗೊತ್ತು.) ಬೇಡ ಅಂದೆ.

ಅವಳು ದನಿ ತಗ್ಗಿಸಿದಳು. ಅವಳ ತಗ್ಗಿದ ದನಿ ಮೂರನೇ ಮನೆಗೆ ಕೇಳುತ್ತದೆ. "ಯಾರಾದ್ರೂ ಉಯ್ಲಿ ಕಣಕ್ಕ, ನಿನ್ ಸೊಸೆ ಕಾಲ ಮ್ಯಾಲೆ ಮಾತ್ರ ಮಲಗಿಸ್ಬ್ಯಾಡ. ಮಡ್ಲು ತುಂಬ್ದೇ ಇರೋಳು. ಎಳೇ ಕೂಸಿಗೆ ಆಗ್ಬರಕಿಲ್ಲ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

ಅವಳು ಹೇಳಿದ್ದು ಹೊಸ ಮಾತೇನಲ್ಲ. ಇಷ್ಟು ದಿನ ನನ್ನ ಎದೆಯೊಳಗೆ ಕೂತಿದ್ದ ಮಾತೇ. ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನಾತ ಬಂತು.

"ಓದ್ ಬ್ಯಾಸಿಗೇಲಿ ನಿನ್ ಗಂಡ ಅವಳ ಕಾಲ ಉಡಿಕಂಡು ತೆವಳ್ಕಂಡು ಬಂದಿದ್ನಲ್ಲ" ಅಂದೆ. "ಆವತ್ತು ಆ ಕಾಲು ಆಗ್ಬಂದಿತ್ತಾ?"

"ಅಯ್ಯೋ, ಅದೇ ಬ್ಯಾರೆ, ಇದೇ ಬ್ಯಾರೆ ಕಣಕ್ಕ."

"ಎಂಗೆ ಬ್ಯಾರೆ? ಅವಳಿಗಿರೋದೇ ಎರಡು ಕಾಲು ಕಣೆ ಕೆಂಪಿ. ನಿಮ್ಮ ಸೊಂಟಕ್ಕೊಂದು ಜೊತೆ, ನನ್ ಮೊಮ್ಮಗಳಿಗೊಂದು ಜೊತೆ ಅಂತ ಮಡಿಕಂಡಿಲ್ಲ."

ಕೆಂಪಮ್ಮ ನಶ್ಯದ ಡಬ್ಬಿ ಹುಡುಕಿದಳು. ಸಿಕ್ಕಿತು. ಎದ್ದು ಹೋದಳು.

ಇಷ್ಟು ಮಾತಾಡಿದವಳಿಗೆ ಹೆದರಿಕೆ ಇರಲಿಲ್ಲ ಅಂತ ತಿಳಿಯಬೇಡಿ. ಇತ್ತು. ಕೆಂಪಮ್ಮ ನಮ್ಮ ಮನೆಯಿಂದ ಎದ್ದು ಹೋದಳು, ನನ್ನ ತಲೆಯಿಂದ ಹೋಗಲಿಲ್ಲ. ಕೂಸಿಗೆ ಒಂದು ಸಣ್ಣ ಶೀತ ಆದರೂ ಊರು ಏನನ್ನುತ್ತದೆ? ನಾನೇ ಏನಂದುಕೊಳ್ಳುತ್ತೇನೆ? ಇನ್ನೊಂದು ಕಡೆ ಉದ್ದಕ್ಕೆ ಸೀಳಿದ ಸೋರೆಕಾಯಿ. ಒಂದು ಹೆದರಿಕೆಯನ್ನು ಕಿವಿಯಲ್ಲಿ ಕೇಳಿದ್ದೆ. ಇನ್ನೊಂದನ್ನು ಕಣ್ಣಾರೆ ಕಂಡಿದ್ದೆ.

ಬೆಳಗಾಯಿತು. ಹಂಡೆಯ ನೀರು ಕಾದಿತ್ತು. ನಾನು ಬಚ್ಚಲಲ್ಲಿ ಮಣೆ ಹಾಕಿದೆ. ದೇವಮ್ಮ ಒಲೆಗೆ ಕೊನೆಯ ಸೌದೆ ನೂಕಿ ಎದ್ದು ಹೊರಟಳು.

"ಎಲ್ಲೋಯ್ತೀಯೆ? ಕೂತ್ಕೊ."

"ಎಲ್ಲಿ ಅತ್ತೆ?"

"ಮಣೆ ಮ್ಯಾಲೆ. ಕಾಲು ಚಾಚು."

ನನ್ನ ಮುಖ ನೋಡಿದಳು. ಆಮೇಲೆ ಬಾಗಿಲಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಪುಟ್ಟಮ್ಮಣ್ಣಿಯ ಮುಖ ನೋಡಿದಳು.

"ಕೂತ್ಕಳಿ ಅತ್ತಿಗೆ" ಅಂದಳು ಪುಟ್ಟಮ್ಮಣ್ಣಿ. "ನೀರು ಆರೋಯ್ತದೆ."

ಕೂತಳು. ಕಾಲು ಚಾಚಿದಳು. ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿದವಳು ನಾನು. ಅವಳ ಕೈಗೆ ಎಣ್ಣೆ ಹಾಕಿದವಳು ನಾನು. ಒಂದು ಕೈಯಲ್ಲಿ ಗೋಡೆ ಹಿಡಿದು, ನಿಂತುಕೊಂಡೇ, ಚೊಂಬಿನಿಂದ ನೀರು ಹುಯ್ದವಳೂ ನಾನು. ಕೂಸು ಚೀರಿತು. ಚೀರಬೇಕು. ದೇವಮ್ಮನ ಕಾಲು ಅಲುಗಲಿಲ್ಲ. ಕೂಸಿನ ಎಡಗೈ ಹಿಡಿದು ಬಲಗಾಲಿನ ಕಡೆ ಒಂದು ಚೂರು ತಂದಳು. ಕೂಸು ತುಟಿ ಮಡಿಸಿತು. ಬಿಟ್ಟಳು.

"ಸಾಕಾ ಅತ್ತೆ?"

"ಇವತ್ತಿಗೆ ಸಾಕು."

ಅವಳು ತಲೆ ಬಗ್ಗಿಸಿಕೊಂಡೇ ಕೂಸನ್ನು ಬೋರಲು ಹಾಕಿದಳು. ಕಣ್ಣಿಗೆ ಹೊಗೆ ಹೋಯಿತು ಅಂದಳು. ಹೋಗಿರಬಹುದು, ಸೌದೆ ಹಸಿ ಇತ್ತು.

ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದ ಮೇಲೆ ನಾನು ಹಿತ್ತಲಿಗೆ ಹೋದೆ. ಕಾಲು ಜೋಡಿಸಿ ನಿಂತೆ. ಮೆಲ್ಲಗೆ ಬಗ್ಗಿದೆ. ಕೈ ಮೊಣಕಾಲಿಗೆ ಬಂತು. ಸೊಂಟ ಇಷ್ಟೇ ಅಂತು. ಅಲ್ಲೇ ನಿಲ್ಲಿಸಿದೆ.

ಬೇಲಿಯ ಆಚೆ ಕೆಂಪಮ್ಮ ಬಟ್ಟೆ ಹರವುತ್ತಿದ್ದಳು. ನನ್ನನ್ನು ನೋಡಿದಳು. ಬಟ್ಟೆ ಕೆಳಗಿಟ್ಟು, ಬಗ್ಗಿ, ಹೆಬ್ಬೆರಳು ಮುಟ್ಟಿ ತೋರಿಸಿದಳು.

ಮುಟ್ಟಿಕೊಳ್ಳಲಿ.